ಮನೆ ಕಟ್ಟಿ ನೋಡು, ಹ್ಯಾಂಡಲ್ ಬಿಚ್ಚಿ ನೋಡು

ಅಡ್ವೆಂಚರ್ ಬೈಕು ಇಟ್ಟುಕೊಂಡವರಲ್ಲಿ ಎರಡು ಪಂಗಡ. ಲಡಾಖಿಗೆ ಹೋಗಿ ಬಂದವರದು ಒಂದು, ಹೋಗುವುದಕ್ಕೆಂದು ಗಾಡಿ ಸಜ್ಜು ಮಾಡುತ್ತಲೇ ಇರುವವರದು ಇನ್ನೊಂದು. ಮೊದಲ ಪಂಗಡದವರ ಗಾಡಿಯಲ್ಲಿ ಗೀರು, ಧೂಳು, ಯಾವುದೋ ಊರಿನಲ್ಲಿ ಯಾರೋ ಪುಣ್ಯಾತ್ಮ ಹಾಕಿಕೊಟ್ಟ ವೆಲ್ಡಿಂಗು ಕಾಣುತ್ತದೆ. ಎರಡನೆಯವರ ಗಾಡಿ ಫಳಫಳ. ಫಾಗ್ ಲ್ಯಾಂಪು, ಕ್ರ್ಯಾಶ್ ಗಾರ್ಡು, ಜೆರ್ರಿ ಕ್ಯಾನು, ಮೊಬೈಲ್ ಸ್ಟ್ಯಾಂಡು ಎಲ್ಲ ಇರುತ್ತದೆ. ಹೋಗುವುದು ಮಾತ್ರ ಆಫೀಸಿಗೆ. ಈ ಎರಡನೆಯ ಪಂಗಡದ ಹಿರಿಯ ಸದಸ್ಯರಲ್ಲಿ ನಾನೂ ಒಬ್ಬ.

ನನ್ನದು 411 ಸಿಸಿಯ ಹಿಮಾಲಯನ್. 2016ರಲ್ಲಿ ಮೊದಲು ಮಾರುಕಟ್ಟೆಗೆ ಬಂದಾಗಿನಿಂದಲೂ ಅದರ ಮೇಲೆ ನನ್ನ ಕಣ್ಣಿತ್ತು. ಸಾಲ ತೀರಿ, ಹೆಂಡತಿ ಒಪ್ಪಿ, ಕೈಗೆ ಬರುವ ಹೊತ್ತಿಗೆ ಗಾಡಿ ಬಿಎಸ್6 ಆಗಿತ್ತು, ನಾನು ಬೈಫೋಕಲ್ ಆಗಿದ್ದೆ. ಮುಂದೆ 21 ಇಂಚಿನ ಚಕ್ರ, ನೆಲದಿಂದ ಹೊಟ್ಟೆಗೆ 220 ಮಿಲಿಮೀಟರ್ ಅಂತರ, ತೂಕ 199 ಕೆ.ಜಿ. ಬಂಡೆ ಹತ್ತಲಿ, ಹೊಳೆ ದಾಟಲಿ ಎಂದು ಮಾಡಿದ ಗಾಡಿ. ನನ್ನ ಕೈಗೆ ಸಿಕ್ಕಿ ಅದು ಬಸವೇಶ್ವರನಗರದಿಂದ ಆಫೀಸಿಗೆ, ಭಾನುವಾರ ಬಿಡದಿಯ ತಟ್ಟೆ ಇಡ್ಲಿಗೆ ಹೋಗಿ ಬರುತ್ತಿತ್ತು. ಇಷ್ಟು ವರ್ಷದಲ್ಲಿ ಅದು ಏರಿದ ಅತಿ ಎತ್ತರದ ಜಾಗ ನಂದಿಬೆಟ್ಟ, 1,478 ಮೀಟರ್. ಲಡಾಖಿನ ಖರ್ದುಂಗ್ ಲಾ ಕಣಿವೆ 5,359 ಮೀಟರ್. ಇನ್ನು 3,881 ಮೀಟರ್ ಬಾಕಿ ಇದೆ, ಅಷ್ಟೇ. ಅಂದ ಹಾಗೆ, ಆ ಕಣಿವೆಯ ಎತ್ತರ ಅಡಿ ಲೆಕ್ಕದಲ್ಲಿ 17,582. ಅಲ್ಲಿ ನೆಟ್ಟಿದ್ದ ಬೋರ್ಡಿನಲ್ಲಿ ಬಹುಕಾಲ 18,380 ಎಂದು ಬರೆದಿತ್ತು. ಉತ್ಪ್ರೇಕ್ಷೆ ನಮ್ಮವರಿಗೆ ಮೊದಲಿನಿಂದಲೂ ಒಗ್ಗಿದ ಗುಣ ಎಂದು ಆ ಬೋರ್ಡು ನೆನೆದಾಗಲೆಲ್ಲ ಸಮಾಧಾನವಾಗುತ್ತದೆ.

ಹೀಗಿರುವಾಗ ನನ್ನ ಬಲ ಭುಜ ನೋಯತೊಡಗಿತು. ಮಣಿಕಟ್ಟು ಜೋಮು ಹಿಡಿಯತೊಡಗಿತು. ಡಾಕ್ಟರಿಗೆ ತೋರಿಸುವುದು ಲೋಕರೂಢಿ. ನಾನು ವಿಡಿಯೋ ನೋಡಿದೆ.

ವಿಡಿಯೋದವರು ಒಬ್ಬೊಬ್ಬರೂ ಆರೂವರೆ ಅಡಿ ಎತ್ತರದ ಬಿಳಿಯರು. ಗಾಡಿಯ ಮೇಲೆ ಕೂರುವುದೆಂದರೆ ಅವರಿಗೆ ಅವಮಾನ. ಫುಟ್‌ರೆಸ್ಟಿನ ಮೇಲೆ ನಿಂತೇ ಮರುಭೂಮಿ ದಾಟುತ್ತಾರೆ. 1980ರಲ್ಲಿ ಬಿಎಂಡಬ್ಲ್ಯೂ ಕಂಪನಿ ಆರ್80 ಜಿ/ಎಸ್ ಎಂಬ ಗಾಡಿ ಬಿಟ್ಟು, ಮರುವರ್ಷವೇ ಹ್ಯೂಬರ್ಟ್ ಓರಿಯೋಲ್ ಅದರಲ್ಲಿ ಪ್ಯಾರಿಸ್-ಡಾಕರ್ ರ್ಯಾಲಿ ಗೆದ್ದ ಮೇಲೆ ಈ ನಿಂತು ಓಡಿಸುವ ಹುಚ್ಚಿಗೆ ಅಂಕೆ ಇಲ್ಲದಾಯಿತಂತೆ. 2004ರಲ್ಲಿ ಇವಾನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಅದೇ ಕಂಪನಿಯ ಗಾಡಿಗಳಲ್ಲಿ ಲಂಡನ್ನಿನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ಸೇರಿದ ಮೇಲಂತೂ ಜಗತ್ತಿನ ಮಧ್ಯವಯಸ್ಕರ ತಲೆ ಪೂರ್ತಿ ಕೆಟ್ಟಿತು. ವಿಡಿಯೋದವರ ತರ್ಕ ಸರಳ: ನಿಂತಾಗ ಕೈಗೆ ಹ್ಯಾಂಡಲ್ ಎಟಕಬೇಕು, ಇಲ್ಲದಿದ್ದರೆ ಬೆನ್ನು ಬಾಗುತ್ತದೆ, ಕಲ್ಲುದಾರಿಯಲ್ಲಿ ಮುಂದಿನ ಚಕ್ರ ಒದ್ದಾಡುವಾಗ ಹಿಡಿತ ಬೇಕು, ಅದಕ್ಕೆ ಹ್ಯಾಂಡಲ್ ಅಗಲವಾಗಿರಬೇಕು. ಹಾಗಾಗಿ ಕಂಪನಿ ಕೊಟ್ಟದ್ದನ್ನು ಬಿಸಾಕಿ ಎತ್ತರದ, ಅಗಲದ, ದಪ್ಪದ ಹ್ಯಾಂಡಲ್ ಹಾಕಿಸಿ.

ನನ್ನ ಎತ್ತರ ಐದು ಅಡಿ ಐದು ಇಂಚು. ನಾನು ಗಾಡಿಯ ಮೇಲೆ ನಿಲ್ಲುವುದು ನಮ್ಮ ರಸ್ತೆಯ ಹಂಪಿನಲ್ಲಿ, ಅದೂ ಸೊಂಟ ಉಳಿಸಿಕೊಳ್ಳಲು, ಅರೆಕ್ಷಣ. ಇದು ಆಗ ನೆನಪಿಗೆ ಬರಲಿಲ್ಲ.

ಹ್ಯಾಂಡಲ್ ಕೊಳ್ಳುವಾಗ ಮೂರು ಸಂಗತಿ ನೋಡಬೇಕು: ಎಷ್ಟು ಎತ್ತರಕ್ಕೆ ಏರುತ್ತದೆ, ಎಷ್ಟು ಹಿಂದಕ್ಕೆ ಬಾಗುತ್ತದೆ, ತುದಿಯಿಂದ ತುದಿಗೆ ಎಷ್ಟು ಅಗಲ. ನಾನು ನಾಲ್ಕನೆಯದನ್ನು ನೋಡಿದೆ, ಬಣ್ಣ. ಚಿನ್ನದ ಬಣ್ಣದ್ದೊಂದು ಆನ್‌ಲೈನಿನಲ್ಲಿ ಮಿನುಗುತ್ತಿತ್ತು. ಅಲ್ಯೂಮಿನಿಯಂ, 820 ಮಿಲಿಮೀಟರ್ ಅಗಲ. ಆರ್ಡರ್ ಹಾಕಿದೆ.

ಬಂದ ದಿನ ಬಾಗಿಲು ತೆಗೆದವರು ನಮ್ಮ ಅತ್ತೆ. ಉದ್ದನೆಯ ಡಬ್ಬ ಬಿಚ್ಚಿ, ಹಾಲಿನ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು.

"ಅಳಿಯಂದ್ರೇ, ಇದು ಬಗ್ಗಿಹೋಗಿದೆ. ವಾಪಸ್ ಕಳಿಸಿಬಿಡಿ" ಎಂದರು.

"ಇಲ್ಲಮ್ಮ, ಅದು ಇರೋದೇ ಹಾಗೆ."

"ಎರಡೂ ಕಡೆ ಬಗ್ಗಿದೆ ಕಣ್ರೀ" ಎಂದು ಒತ್ತಿ ಹೇಳಿ, ಬಿಲ್ಲಿನ ಮೇಲಿದ್ದ ಮೊತ್ತ ಓದಿ, ದೇವರ ಮನೆ ಕಡೆ ಹೋದರು.

ಆ ರಾತ್ರಿ ಟೇಪು ಹಿಡಿದು ಅಳೆದಾಗ ತಿಳಿದದ್ದು ಇಷ್ಟು. ನನ್ನ ಗಾಡಿಯ ಕ್ಲಾಂಪಿನ ಬಾಯಿ 22 ಮಿಲಿಮೀಟರ್. ನಾನು ತರಿಸಿದ ಹ್ಯಾಂಡಲಿನ ನಡು 28.6. ಇವಕ್ಕೆ ಫ್ಯಾಟ್ ಬಾರ್ ಎನ್ನುತ್ತಾರೆ; ಕೈ ಹಿಡಿಯುವ ತುದಿಗಳಲ್ಲಿ ಮಾಮೂಲಿ 22, ನಡುವಿನಲ್ಲಿ ದಪ್ಪ. ನಡು ದಪ್ಪವಿದ್ದರೆ ಅದುರುವುದು ಕಡಿಮೆ, ಬಿದ್ದಾಗ ಬಗ್ಗುವುದೂ ಕಡಿಮೆ ಎಂಬುದು ಅದರ ಗುಣ. ನಡು ದಪ್ಪವಾದದ್ದನ್ನು ಹಳೆಯ ಜಾಗದಲ್ಲಿ ಕೂರಿಸುವ ಕಷ್ಟ ಎಂಥದ್ದೆಂದು ನನ್ನ ಪ್ಯಾಂಟುಗಳಿಂದಲೇ ನನಗೆ ಗೊತ್ತಿರಬೇಕಿತ್ತು.

ಶನಿವಾರ ಜೆ.ಸಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಗಾಡಿಯ ಯಾವ ಭಾಗ ಎಲ್ಲೂ ಸಿಗದಿದ್ದರೂ ಜೆ.ಸಿ. ರಸ್ತೆಯಲ್ಲೋ, ಅಲ್ಲೇ ಆಚೆ ಕಲಾಸಿಪಾಳ್ಯದಲ್ಲೋ ಸಿಗುತ್ತದೆ ಎಂಬುದು ನಮ್ಮ ತಂದೆಯ ಕಾಲದಿಂದ ಬಂದ ನಂಬಿಕೆ. ಅಂಗಡಿಯ ಯಜಮಾನರು ಕನ್ನಡಕ ಹಣೆಗೇರಿಸಿ, "ಕ್ಲಾಂಪ್ ತಂದಿದೀರಾ?" ಎಂದರು.

"ಇಲ್ಲ, ಫೋಟೋ ಇದೆ."

"ಫೋಟೋಗೆ ಅಳತೆ ಇರಲ್ಲ ಸಾರ್."

ಆದರೂ ಪುಣ್ಯಾತ್ಮರು ಒಳಗಿನಿಂದ ಒಂದು ಜೊತೆ ರೈಸರ್ ತಂದುಕೊಟ್ಟರು. ಹಳೇ ಕ್ಲಾಂಪಿನ ಮೇಲೆ ಕೂತು, ದಪ್ಪ ಹ್ಯಾಂಡಲನ್ನು ಹಿಡಿದುಕೊಳ್ಳುವ ಕಬ್ಬಿಣದ ಗುಬುಟು ಅದು. ಜೊತೆಗೆ ಹ್ಯಾಂಡಲನ್ನು ಇನ್ನೂ ಒಂದು ಇಂಚಿಗಿಂತ ಮೇಲಕ್ಕೆ ಎತ್ತುತ್ತದೆ. "ವೈರು ಸಾಲುತ್ತಾ ನೋಡ್ಕೊಳ್ಳಿ" ಎಂದು ಅವರು ಹೇಳಿದ್ದು ನನಗೆ ಕೇಳಿಸಿತು. ಕೇಳಿಸಿದ್ದು ಎಲ್ಲವೂ ತಲೆಗೆ ಹೋಗಬೇಕೆಂದೇನಿಲ್ಲ.

ಭಾನುವಾರ ಬೆಳಿಗ್ಗೆ ಮನೆಯ ಪಕ್ಕದ ಓಣಿಯಲ್ಲಿ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ ಕೆಲಸ ಶುರು ಮಾಡಿದೆ. ಕೆಳಗಿನ ಮನೆಯಲ್ಲಿರುವ ಓನರ್, ವಕೀಲರೊಬ್ಬರ ಬಳಿ ಗುಮಾಸ್ತರಾಗಿ ನಿವೃತ್ತರಾದವರು, ಪೇಪರು ಹಿಡಿದು ಹೊರಗೆ ಬಂದು ಕುರ್ಚಿ ಹಾಕಿಕೊಂಡರು.

"ಏನ್ರೀ, ಮಾಡಿಫಿಕೇಶನ್ನೋ? 1988ರ ಮೋಟಾರು ವಾಹನ ಕಾಯ್ದೆ, ಸೆಕ್ಷನ್ 52 ಓದಿದೀರಾ? ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ನಿಗೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ."

"ಹ್ಯಾಂಡಲ್ ಅಷ್ಟೇ ಸಾರ್, ಒಂದು ಪೈಪು."

ಒಂದು ಪೈಪು ಎಂಬ ಆ ಮಾತಿನಲ್ಲೇ ನನ್ನ ಅಜ್ಞಾನವೆಲ್ಲ ಅಡಗಿತ್ತು. ಗಾಡಿಯ ಮೇಲೆ ನೀವು ಕೈಯಿಂದ ಮಾಡುವ ಪ್ರತಿಯೊಂದು ಕೆಲಸವೂ ಆ ಪೈಪಿಗೇ ನೇತುಬಿದ್ದಿದೆ. ಎಡಕ್ಕೆ ಕ್ಲಚ್ಚು, ಅದರ ವೈರು, ಹಾರ್ನು, ಇಂಡಿಕೇಟರು, ಡಿಪ್-ಡಿಮ್. ಬಲಕ್ಕೆ ಆಕ್ಸಿಲರೇಟರು, ಮುಂದಿನ ಬ್ರೇಕಿನ ಲಿವರು, ಬ್ರೇಕ್ ಆಯಿಲಿನ ಡಬ್ಬಿ, ಸೆಲ್ಫು, ಎಂಜಿನ್ ಆಫ್ ಮಾಡುವ ಕೆಂಪು ಸ್ವಿಚ್ಚು. ಎರಡು ಕನ್ನಡಿ, ಎರಡು ಗ್ರಿಪ್ಪು, ತುದಿಯಲ್ಲಿ ಅದುರು ತಡೆಯುವ ಎರಡು ಗುಂಡು. ಇವನ್ನೆಲ್ಲ ತುದಿಯಿಂದ ಒಂದೊಂದೇ ಕಳಚಿ, ಕ್ರಮವಾಗಿ ಜೋಡಿಸಿಟ್ಟು, ಕಟ್ಟಕಡೆಗೆ ನಡುವಿನ ನಾಲ್ಕು ಬೋಲ್ಟು ಬಿಚ್ಚಬೇಕು. ನಾನು ನೋಡಿದ ವಿಡಿಯೋ ಆ ನಾಲ್ಕು ಬೋಲ್ಟಿನಿಂದಲೇ ಶುರುವಾಗುತ್ತಿತ್ತು. ಮೊದಲ ಭಾಗವೊಂದು ಬೇರೆ ಇದೆ ಎಂದು ನನಗೆ ಹೊಳೆಯಲಿಲ್ಲ. ಬೋಲ್ಟು ಬಿಚ್ಚಿದೆ. ಹ್ಯಾಂಡಲ್ ಸಮಸ್ತ ಪರಿವಾರದೊಂದಿಗೆ ಟ್ಯಾಂಕಿನ ಮೇಲೆ ಧಡ್ಡನೆ ಬಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ವೈರುಗಳು ಅತ್ತ, ಸ್ವಿಚ್ಚುಗಳು ಇತ್ತ ಜೋತುಬಿದ್ದು, ನನ್ನ ಗಾಡಿ ಮದುವೆ ಮುಗಿದ ಮಾರನೇ ದಿನದ ಚಪ್ಪರದಂತೆ ಕಾಣುತ್ತಿತ್ತು.

ಗ್ರಿಪ್ಪಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಲಗಡೆಯದು ಆಕ್ಸಿಲರೇಟರಿನ ಕೊಳವೆಯ ಜೊತೆಗೇ ಜಾರಿ ಬರುತ್ತದೆ, ತಂಟೆಯಿಲ್ಲ. ಎಡಗಡೆಯದು ಪೈಪಿಗೆ ಅಂಟಿಕೊಂಡಿರುತ್ತದೆ. ಎಳೆದೆ. ತಿರುಚಿದೆ. ಬಿಸಿನೀರು ಹುಯ್ದೆ. ಸೋಪಿನ ನೀರು ಬಿಟ್ಟೆ, ಗ್ರಿಪ್ಪಿನ ಬದಲು ನನ್ನ ಕೈ ಜಾರತೊಡಗಿತು. ಸ್ಕ್ರೂಡ್ರೈವರ್ ತೂರಿಸಿದೆ, ಅದು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಹೆಂಡತಿ ಕಾಫಿ ತಂದವಳು ನಾನು ಕಟರ್ ಬ್ಲೇಡ್ ತೆಗೆದದ್ದು ನೋಡಿ ನಿಂತಳು.

"ರೀ, ಕೊಯ್ದುಬಿಟ್ಟರೆ ಆಮೇಲೆ ಏನು ಹಾಕ್ತೀರಿ?"

"ಹೊಸದು ತಂದಿದ್ದೀನಿ" ಎಂದೆ. ತಂದಿರಲಿಲ್ಲ. ಬ್ಲೇಡ್ ಒಳಗಿಟ್ಟೆ.

ಕೊನೆಗೆ ಗ್ರಿಪ್ಪು, ಅದರಲ್ಲಿ ಸಿಕ್ಕಿಕೊಂಡ ಸ್ಕ್ರೂಡ್ರೈವರ್ ಸಮೇತ ಹ್ಯಾಂಡಲನ್ನು ಹೆಗಲ ಮೇಲೆ ಹೊತ್ತು ಬೀದಿ ಕೊನೆಯ ಪಂಕ್ಚರ್ ಅಂಗಡಿಗೆ ನಡೆದೆ. ಭಾನುವಾರದ ಹೂವು, ಸೊಪ್ಪು ಕೊಳ್ಳುತ್ತಿದ್ದ ಬಡಾವಣೆಯ ಹೆಂಗಸರು ದಾರಿ ಬಿಟ್ಟರು. ಅಂಗಡಿಯ ಹುಡುಗ ಏನೂ ಕೇಳಲಿಲ್ಲ. ಸ್ಕ್ರೂಡ್ರೈವರ್ ಪಕ್ಕದಲ್ಲೇ ಗಾಳಿಯ ನಾಝಲ್ ತೂರಿಸಿ ಒತ್ತಿದ. ರಬ್ಬರು ಉಬ್ಬಿತು, ಪುಸ್ ಎಂದಿತು, ಗ್ರಿಪ್ಪು ತಾನಾಗಿ ಅವನ ಅಂಗೈಗೆ ಬಂತು. ರಬ್ಬರಿಗೂ ಪೈಪಿಗೂ ನಡುವೆ ಗಾಳಿ ಹೊಕ್ಕರೆ ಹಿಡಿತ ಬಿಡುತ್ತದೆ, ವಾಪಸ್ ಹಾಕುವಾಗಲೂ ಅದೇ ಉಪಾಯ. ನನ್ನ ಬೆಳಗಿನ ಹೊತ್ತೆಲ್ಲ ತಿಂದ ಕೆಲಸಕ್ಕೆ ಅವನು ಹತ್ತು ರೂಪಾಯಿ ತೆಗೆದುಕೊಂಡ. ಅದೂ ಚಿಲ್ಲರೆ ಇದ್ದರೆ ಕೊಡಿ ಎಂದ.

ಆಮೇಲಿನ ಗಂಡಾಂತರದ ಗಾತ್ರ ಒಂದು ಕಡಲೆಕಾಳಿಗಿಂತ ಚಿಕ್ಕದು. ಸ್ವಿಚ್ಚಿನ ಪೆಟ್ಟಿಗೆ ಎರಡು ಹೋಳು. ಪೈಪನ್ನು ನಡುವೆ ಇಟ್ಟು ಸ್ಕ್ರೂ ಬಿಗಿಯುತ್ತಾರೆ. ಅದು ಪೈಪಿನ ಸುತ್ತ ತಿರುಗದೆ ಒಂದೇ ಕಡೆ ನಿಲ್ಲಲಿ ಎಂದು ಒಳಗೆ ಪ್ಲಾಸ್ಟಿಕ್ಕಿನ ಪುಟ್ಟ ಮೊಳೆ ಇರುತ್ತದೆ. ಕಂಪನಿಯ ಹ್ಯಾಂಡಲಿನಲ್ಲಿ ಆ ಮೊಳೆ ಕೂರಲು ತೂತಿದೆ. ನನ್ನ ಚಿನ್ನದ ಹ್ಯಾಂಡಲಿನಲ್ಲಿ ತೂತಿಲ್ಲ. ದಾರಿ ಎರಡು: ಮೊಳೆಯನ್ನು ಉಜ್ಜಿ ತೆಗೆಯುವುದು, ಇಲ್ಲವೇ ಹ್ಯಾಂಡಲಿಗೆ ತೂತು ಕೊರೆಯುವುದು. ಉಜ್ಜುವುದು ಹೇಡಿಗಳ ಕೆಲಸ ಎನಿಸಿತು. ಓನರ್ ಬಳಿ ಡ್ರಿಲ್ಲಿಂಗ್ ಮಿಷನ್ ಇತ್ತು. ಅವರು ಅದನ್ನು ಕೊಡುವಾಗ, "ನಾನು ಕೊಟ್ಟೆ ಅಂತ ಎಲ್ಲೂ ಹೇಳಬೇಡಿ, ಸೆಕ್ಷನ್ 52" ಎಂದರು.

ಹಳೆಯ ಹ್ಯಾಂಡಲಿನ ನಡುವಿನಿಂದ ತೂತಿನವರೆಗೆ ದಾರ ಹಿಡಿದು ಅಳೆದೆ. ಅದೇ ಅಳತೆಯನ್ನು ಹೊಸದರಲ್ಲಿ ಗುರುತು ಹಾಕಿ ಕೊರೆದೆ. ತೂತು ಚೊಕ್ಕವಾಗಿ ಬಂತು. ಆದರೆ ಹೊಸದು ಹಳೆಯದಕ್ಕಿಂತ ಅಗಲ. ಅಳೆಯಬೇಕಾದದ್ದು ನಡುವಿನಿಂದಲ್ಲ, ತುದಿಯಿಂದ. ನನ್ನ ತೂತು ಪೈಪು ದಪ್ಪವಾಗುವ ಜಾಗದಲ್ಲಿತ್ತು, ಅಲ್ಲಿ ಸ್ವಿಚ್ಚಿನ ಪೆಟ್ಟಿಗೆ ಬಾಯಿ ಮುಚ್ಚುವುದೇ ಇಲ್ಲ. ಸರಿ, ತುದಿಯಿಂದ ಅಳೆದು ಇನ್ನೊಂದು ಕೊರೆದೆ. ಈ ಸಲ ದೂರ ಸರಿಯಿತ್ತು, ಕೋನ ತಪ್ಪಿತ್ತು. ನೆಲದ ಮೇಲೆ ಮಲಗಿಸಿದಾಗ ಯಾವುದು ಮೇಲ್ಭಾಗವೋ ಗಾಡಿಗೆ ಕೂರಿಸಿದಾಗ ಅದು ಮೇಲ್ಭಾಗ ಆಗಿರಬೇಕೆಂದಿಲ್ಲ ಎಂಬುದು ಎಂಜಿನಿಯರಿಂಗ್ ಓದದವನಿಗೂ ತಿಳಿಯುವ ಮಾತು. ನಾನು ಓದಿದ್ದೆ. ಸ್ವಿಚ್ಚಿನ ಪೆಟ್ಟಿಗೆ ಆಕಾಶಕ್ಕೆ ಮುಖ ಮಾಡಿ ಕೂತಿತು. ಇಂಡಿಕೇಟರಿಗೆಂದು ಹೆಬ್ಬೆರಳು ಚಾಚಿದರೆ ಹಾರ್ನು ಸಿಗುತ್ತಿತ್ತು. ಹಾರ್ನಿಗೆ ಚಾಚಿದರೆ ಏನೂ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಇಂಡಿಕೇಟರ್ ಇಲ್ಲದೆ ಬದುಕಿದವರು ಬೇಕಾದಷ್ಟಿದ್ದಾರೆ. ಹಾರ್ನಿಲ್ಲದೆ ಬದುಕಿದವರನ್ನು ನಾನು ಕಂಡಿಲ್ಲ.

ಅಷ್ಟರಲ್ಲಿ ಕತ್ತಲಾಯಿತು. ಮಿಕ್ಕದ್ದನ್ನು ಮರುದಿನಕ್ಕಿಟ್ಟು ಮಲಗಿದೆ. ಬ್ರೇಕ್ ಆಯಿಲಿನ ಡಬ್ಬಿ ರಾತ್ರಿಯೆಲ್ಲ ತಲೆಕೆಳಗಾಗಿ ನೇತಾಡುತ್ತಿತ್ತು. ಆ ಡಬ್ಬಿ ಸದಾ ನೆಟ್ಟಗಿರಬೇಕು. ಮಗುಚಿದರೆ ಎರಡು ಅನಾಹುತ: ಆಯಿಲು ಜಿನುಗುತ್ತದೆ, ಒಳಗಿನ ಗಾಳಿಗುಳ್ಳೆ ಪೈಪಿಗೆ ಇಳಿಯುತ್ತದೆ. ಆ ಡಾಟ್ 4 ಆಯಿಲಿಗೆ ಬಣ್ಣ ತಿನ್ನುವ ಚಟ. ಬೆಳಿಗ್ಗೆ ನೋಡಿದರೆ ಟ್ಯಾಂಕಿನ ಮೇಲೆ ಅಂಗೈ ಅಗಲದಷ್ಟು ಬಣ್ಣ ಸುಕ್ಕುಗಟ್ಟಿ ಎದ್ದಿತ್ತು. ಬ್ರೇಕ್ ಲಿವರ್ ಹಿಡಿದರೆ ಪೂರ್ತಿ ಗ್ರಿಪ್ಪಿನವರೆಗೆ ಬಂದು ಮುಟ್ಟುತ್ತಿತ್ತು, ಬ್ರೇಕು ಮಾತ್ರ ಹಿಡಿಯುತ್ತಿರಲಿಲ್ಲ. ಹೊಸ ಆಯಿಲ್ ತಂದು, ಕ್ಯಾಲಿಪರಿನ ನಿಪ್ಪಲಿಗೆ ಪೈಪು ಸಿಕ್ಕಿಸಿ, ಲಿವರ್ ಒತ್ತಿ ಹಿಡಿಯಲು ಹೆಂಡತಿಯನ್ನು ಕೂರಿಸಿ, ನಿಪ್ಪಲ್ ಬಿಟ್ಟು ಬಿಗಿದು, ಬಿಟ್ಟು ಬಿಗಿದು ಗಾಳಿ ತೆಗೆದೆ. "ಹಿಡಿ" "ಬಿಡು" ಎಂದು ನಾನು ಕೂಗುತ್ತಿದ್ದದ್ದು ಬೀದಿಗೆಲ್ಲ ಕೇಳುತ್ತಿತ್ತು. ಮದುವೆಯಾದಾಗಿನಿಂದ ಅವಳು ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದು ಅದೊಂದೇ ಸಲ. ಬ್ರೇಕು ಸರಿಯಾದದ್ದೂ ಅದರಿಂದಲೇ ಇರಬೇಕು.

ಎಲ್ಲ ಜೋಡಿಸಿ ಸೆಲ್ಫ್ ಒತ್ತಿದೆ. ಮೌನ. ಆ ಕೆಂಪು ಸ್ವಿಚ್ಚು ನೋಡಿದಿರಾ ಎಂದು ನೀವು ಕೇಳುತ್ತೀರೆಂದು ಗೊತ್ತು. ನೋಡಿದ್ದೆ, ಅದು ಸರಿಯಾಗೇ ಇತ್ತು. ಅಷ್ಟೂ ಪೆದ್ದನಲ್ಲ. ಗಾಡಿ ಗೇರಿನಲ್ಲಿತ್ತು. ಗೇರಿನಲ್ಲಿದ್ದಾಗ ಕ್ಲಚ್ ಹಿಡಿದರಷ್ಟೇ ಸ್ಟಾರ್ಟ್ ಆಗುವುದು. ಕ್ಲಚ್ ಹಿಡಿದದ್ದನ್ನು ಗಾಡಿಗೆ ತಿಳಿಸಲು ಲಿವರಿನ ಬುಡದಲ್ಲಿ ಚೋಟುದ್ದದ ಸ್ವಿಚ್ಚು, ಅದಕ್ಕೊಂದು ವೈರು. ಆ ವೈರು ಕಳಚಿ ಹೆಡ್‌ಲೈಟಿನ ಹಿಂದೆ ಆರಾಮಾಗಿ ಮಲಗಿತ್ತು. ಕಂಡುಹಿಡಿಯುವ ಹೊತ್ತಿಗೆ ಆಫೀಸಿಗೆ ರಜೆ ಹಾಕಿಯಾಗಿತ್ತು. ಕಾರಣದ ಕಾಲಂನಲ್ಲಿ ಭುಜ ನೋವು ಎಂದು ಬರೆದೆ, ಆಗ ಅದು ನಿಜವೂ ಆಗಿತ್ತು.

ಗಾಡಿ ಸ್ಟಾರ್ಟ್ ಆಯಿತು. ಚಿನ್ನದ ಹ್ಯಾಂಡಲ್ ಬಿಸಿಲಿಗೆ ಹೊಳೆಯಿತು. ಹೆಲ್ಮೆಟ್ ಹಾಕಿ ಗೇಟಿನತ್ತ ಹೊರಟೆ.

ನಮ್ಮ ಓಣಿಯ ಗೇಟು ಎರಡೂಮುಕ್ಕಾಲು ಅಡಿ. ಮಿಲಿಮೀಟರಿನಲ್ಲಿ 838. ಹ್ಯಾಂಡಲ್ 820, ಎರಡೂ ತುದಿಗೆ ಗುಂಡು ಸೇರಿಸಿದರೆ ಗೇಟಿಗಿಂತ ಹೆಚ್ಚು. ಹಳೆಯ ಹ್ಯಾಂಡಲ್ ಇದ್ದಾಗ ಕಷ್ಟದಲ್ಲಿ ನುಸುಳುತ್ತಿದ್ದ ಗಾಡಿ ಈಗ ಬಲಕ್ಕೂ ಎಡಕ್ಕೂ ಏಕಕಾಲದಲ್ಲಿ ಟಣ್ ಎಂದು ನಿಂತಿತು. ಓನರ್ ಪೇಪರು ಮಡಿಸಿಟ್ಟು ಎದ್ದು ಬಂದರು.

"ಗೇಟು ಒಡೆಸೋ ಹಾಗಿಲ್ಲ, ಅಗ್ರಿಮೆಂಟಿನಲ್ಲಿದೆ."

ಉಪಾಯ ಇಲ್ಲದಿಲ್ಲ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಅದು ಓರೆಯಾಗುತ್ತದೆ, ಒಂದು ತುದಿ ಮುಂದೆ, ಒಂದು ಹಿಂದೆ. ಒಂದೊಂದಾಗಿ ಆಚೆ ದಾಟಿಸಬಹುದು. ಆದರೆ ಗೇಟಿನಾಚೆ ಚರಂಡಿಯ ಚಪ್ಪಡಿ, ಅದಕ್ಕೆ ಏರು. 199 ಕೆ.ಜಿ. ಗಾಡಿಯನ್ನು ತಳ್ಳಿ ಹತ್ತಿಸುವ ತಾಕತ್ತು ನನಗಿಲ್ಲ, ಎಂಜಿನ್ ಹಾಕಲೇಬೇಕು. ಫಸ್ಟ್ ಗೇರ್ ಹಾಕಿ, ಅರ್ಧ ಕ್ಲಚ್ಚಿನಲ್ಲಿ, ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದೆ.

ಗಾಡಿ ಭೋರ್ಗರೆಯಿತು. ನಾನು ಆಕ್ಸಿಲರೇಟರ್ ಮುಟ್ಟಿರಲಿಲ್ಲ, ದೇವರಾಣೆ. ಆಮೇಲೆ ತಿಳಿದ ಕಾರಣ ಇದು: ಹ್ಯಾಂಡಲ್ ಒಂದು ಇಂಚಿಗೂ ಮೇಲಕ್ಕೇರಿ, ಪಕ್ಕಕ್ಕೂ ಸರಿದಿತ್ತು, ಆಕ್ಸಿಲರೇಟರಿನ ವೈರು ಮಾತ್ರ ಹಳೇ ಉದ್ದದ್ದೇ. ನೇರ ಇದ್ದಾಗ ಅದು ಹೇಗೋ ಸಾಲುತ್ತಿತ್ತು. ಪೂರ್ತಿ ತಿರುಗಿಸಿದಾಗ ಹೊರಗಿನ ಕವಚ ಬಿಗಿಯಾಗಿ, ಒಳಗಿನ ತಂತಿ ಎಳೆದು, ಎಂಜಿನ್ ತಾನಾಗಿ ರೇಸ್ ಆಗುತ್ತಿತ್ತು. ಜೆ.ಸಿ. ರಸ್ತೆಯ ಯಜಮಾನರು ವೈರು ಸಾಲುತ್ತಾ ನೋಡಿ ಎಂದದ್ದು ಇದನ್ನೇ. ಅಷ್ಟು ಹೊತ್ತಿಗೆ ಬೆದರಿದ ನನ್ನ ಎಡಗೈ ಕ್ಲಚ್ ಬಿಟ್ಟಿತ್ತು. ಗಾಡಿ ಒಂದೇ ನೆಗೆತಕ್ಕೆ ಗೇಟು ದಾಟಿ, ಚಪ್ಪಡಿ ಹತ್ತಿ, ಓನರ್ ಅವರ ದಾಸವಾಳದ ಕುಂಡ ಒಡೆದು ಬೀದಿಯ ನಡುವೆ ಆಫ್ ಆಗಿ ನಿಂತಿತು. ಆ ಗಾಡಿಯ ಜೀವಮಾನದಲ್ಲಿ ನಡೆದ ಏಕೈಕ ಆಫ್ ರೋಡಿಂಗ್ ಅದು. ನಾನು ಅದರ ಮೇಲೆ ನಿಂತೂ ಇದ್ದೆ.

ಇಂಡಿಕೇಟರ್ ಹಾಕಲು ಹೋಗಿ ಹಾರ್ನ್ ಹೊಡೆದೆ.

ಕುಂಡದ ದುಡ್ಡು ಕೊಟ್ಟು, ಗಾಡಿಯನ್ನು ನೇರ ದಾರಿಯಲ್ಲೇ, ಎಡಕ್ಕೆ ತಿರುಗದ ಹಾಗೆ ಲೆಕ್ಕ ಹಾಕಿ, ನಮ್ಮ ಬಡಾವಣೆಯ ಗ್ಯಾರೇಜಿಗೆ ಒಯ್ದೆ. ಬೆಂಗಳೂರಿನಲ್ಲಿ ಎಡಕ್ಕೆ ತಿರುಗದೆ ಎಲ್ಲಿಗಾದರೂ ಹೋಗಿ ನೋಡಿ, ಊರು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ನಡುವೆ ಒಂದು ಕಡೆ ತಿರುಗಲೇಬೇಕಾಯಿತು. ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ, ನೂರು ಕಿಲೋಮೀಟರಿನ ಸದ್ದು ಮಾಡುತ್ತಾ ತಿರುಗಿದ ನನ್ನನ್ನು ಟ್ರಾಫಿಕ್ ಪೊಲೀಸರೊಬ್ಬರು ನಿಲ್ಲಿಸಿ, ಹೆಲ್ಮೆಟ್ಟಿನೊಳಗಿನ ನರೆಗೂದಲು ನೋಡಿ, "ಈ ವಯಸ್ಸಲ್ಲಿ ಬೇಕಾ ಸಾರ್ ಇದೆಲ್ಲ?" ಎಂದು ಕಳಿಸಿಕೊಟ್ಟರು. ದಂಡ ಹಾಕಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಗ್ಯಾರೇಜಿನ ಮೇಸ್ತ್ರಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹ್ಯಾಂಡಲಿನ ಎರಡು ತೂತು ನೋಡಿದರು. ಟ್ಯಾಂಕಿನ ಸುಕ್ಕು ಸವರಿದರು.

"ಯಾಕ್ ಸಾರ್ ಚೇಂಜ್ ಮಾಡಿದ್ರಿ?"

"ಕೈ ನೋವು."

"ಹಳೇದು ಇದೆಯಾ?"

ಮನೆಗೆ ಹೋಗಿ ತಂದೆ. ಅವರು ಹಳೇ ಹ್ಯಾಂಡಲನ್ನು ಹಾಕಿ, ನಾಲ್ಕು ಬೋಲ್ಟನ್ನು ಪೂರ್ತಿ ಬಿಗಿಯದೆ, "ಕೂತ್ಕೊಳ್ಳಿ, ಕಣ್ಣು ಮುಚ್ಚಿ, ಕೈ ಸುಮ್ನೆ ಮುಂದೆ ಚಾಚಿ" ಎಂದರು. ನನ್ನ ಕೈ ಚಾಚಿದ ಜಾಗಕ್ಕೂ ಹ್ಯಾಂಡಲಿಗೂ ಎರಡು ಬೆರಳಿನಷ್ಟು ದೂರವಿತ್ತು. ಅವರು ಹ್ಯಾಂಡಲನ್ನು ಕ್ಲಾಂಪಿನೊಳಗೇ ನನ್ನ ಕಡೆಗೆ ಚೂರು ತಿರುಗಿಸಿದರು. ಅದು ದುಂಡನೆಯ ಪೈಪು. ಬೋಲ್ಟು ಸಡಿಲ ಮಾಡಿದರೆ ತಿರುಗುತ್ತದೆ, ತಿರುಗಿದರೆ ಹಿಂದಕ್ಕೂ ಬರುತ್ತದೆ. ಆಮೇಲೆ ಕ್ಲಚ್ಚು, ಬ್ರೇಕಿನ ಲಿವರುಗಳ ಸ್ಕ್ರೂ ಸಡಿಲಿಸಿ ಅವನ್ನು ಕೆಳಕ್ಕೆ ಬಾಗಿಸಿದರು. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು. ನನ್ನ ಲಿವರು ಮೇಲಿದ್ದದ್ದರಿಂದ ಇಷ್ಟು ವರ್ಷವೂ ಮಣಿಕಟ್ಟು ಮೇಲಕ್ಕೆ ಸೊಟ್ಟಗಾಗಿ, ಅದರ ಭಾರವೆಲ್ಲ ಭುಜಕ್ಕೆ ಬೀಳುತ್ತಿತ್ತಂತೆ. ಹೊಸ ಹ್ಯಾಂಡಲಿನ ಅಗಲಕ್ಕೆ ಕೈ ಇನ್ನೂ ಚಾಚಿ, ಮೈ ಮುಂದಕ್ಕೆ ಬಾಗಿ, ನೋವು ಜಾಸ್ತಿಯಾಗುವುದಿತ್ತೇ ಹೊರತು ಕಡಿಮೆಯಾಗುವುದಲ್ಲ. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿದು, ಹ್ಯಾಂಡಲನ್ನು ಆ ತುದಿಯಿಂದ ಈ ತುದಿಯವರೆಗೆ ತಿರುಗಿಸಿ, ಎಲ್ಲೂ ವೈರು ಎಳೆಯುತ್ತಿಲ್ಲ, ಟ್ಯಾಂಕಿಗೆ ತಾಗುತ್ತಿಲ್ಲ ಎಂದು ನೋಡಿ, ಮೇಸ್ತ್ರಿ ಕೈ ಒರೆಸಿಕೊಂಡರು. ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ.

"ಎಷ್ಟಾಯ್ತು?"

"ಇದಕ್ಕೇನು ತಗೊಳ್ಲಿ ಸಾರ್, ಬಿಡಿ."

ಭುಜದ ನೋವು ಒಂದು ವಾರದಲ್ಲಿ ಹೋಯಿತು.

ಅಡ್ವೆಂಚರ್ ಗಾಡಿ ಇಟ್ಟುಕೊಂಡ ಬಂಧುಗಳೇ, ಭುಜವೋ ಮಣಿಕಟ್ಟೋ ನೊಂದರೆ ಮೊದಲು ಅಲೆನ್ ಕೀ ತೆಗೆದುಕೊಂಡು ಇರುವ ಹ್ಯಾಂಡಲನ್ನೇ ತಿರುಗಿಸಿ ನೋಡಿ, ಲಿವರು ಇಳಿಸಿ ನೋಡಿ, ದುಡ್ಡು ಬೇಕಾಗಿಲ್ಲ. ಆಮೇಲೂ ಹೊಸದೇ ಬೇಕೆನಿಸಿದರೆ ನನ್ನ ಹತ್ತಿರ ಒಂದಿದೆ. ಚಿನ್ನದ ಬಣ್ಣ, ನಡು 28.6 ಮಿಲಿಮೀಟರ್, ಎರಡು ತೂತು ಉಚಿತ, ರೈಸರ್ ಜೊತೆಗಿದೆ, ಓಡಿಸಿದ್ದು ಮನೆಯಿಂದ ಗ್ಯಾರೇಜಿನವರೆಗೆ ಮಾತ್ರ. ಬೆಲೆ ಕೂತು ಮಾತಾಡೋಣ. ಬರುವಾಗ ನಿಮ್ಮ ಮನೆ ಗೇಟಿನ ಅಗಲ ಅಳೆದುಕೊಂಡು ಬನ್ನಿ.